ತೂತು ಬಿಂದಿಗೆಯಲ್ಲಿ ನೀರು ತರುವ ಉಪಾಯ

ಮಕ್ಕಳೇ, ಹೋದ ಭಾನುವಾರ ನಮ್ಮ ಮನೆಯಲ್ಲಿ ಒಂದು ತಮಾಷೆ ನಡೆಯಿತು. ನಾನು ಜಗಲಿಯಲ್ಲಿ ಕುಳಿತು ಪೇಪರ್ ಓದುತ್ತಿದ್ದೆ. ಒಳಗಿನ ಕೋಣೆಯಿಂದ ಏಳನೇ ತರಗತಿಯ ಮೊಮ್ಮಗಳು ಏನೋ ಕೂಗಿದಳು. ನನಗೆ ಕೇಳಿಸಿದ್ದು "ತಾತಾ, ಸಕ್ಕರೆ!" ಅಂತ. ಸರಿ, ಎದ್ದು ಅಡುಗೆಮನೆಗೆ ಹೋಗಿ, ಸಕ್ಕರೆ ಡಬ್ಬ ಹಿಡಿದುಕೊಂಡು ಅವಳ ಮುಂದೆ ನಿಂತೆ. ಅವಳು ಡಬ್ಬ ನೋಡಿದಳು, ನನ್ನ ಮುಖ ನೋಡಿದಳು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಪಾಪ, ಅವಳು ಕೂಗಿದ್ದು "ತಾತಾ, ಚುಕ್ಕೆ!" ಅಂತ.

ನನ್ನ ಎಡಗಿವಿ ನಾಲ್ಕು ವರ್ಷದಿಂದ ಮಂದ. ಆ ಸಂಗತಿ ಆಮೇಲೆ ಹೇಳುತ್ತೇನೆ. ಮೊದಲು ಚುಕ್ಕೆಯ ಕಥೆ ಕೇಳಿ.

ನಾನು ಬ್ಯಾಂಕಿನಿಂದ ನಿವೃತ್ತನಾದ ದಿನ ಜೊತೆಯವರೆಲ್ಲ ಸೇರಿ ಒಂದು ಡಿಜಿಟಲ್ ಕ್ಯಾಮೆರಾ ಕೊಟ್ಟಿದ್ದರು. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇರುವುದರಿಂದ ಅದು ಬೀರುವಿನಲ್ಲಿ ಮಲಗಿತ್ತು. ಮೊಮ್ಮಗಳು ಹೊರತೆಗೆದು ಅಜ್ಜಿಯ ಫೋಟೊ ತೆಗೆದಳು, ಬೆಕ್ಕಿನ ಫೋಟೊ ತೆಗೆದಳು, ತುಳಸಿಕಟ್ಟೆಯ ಫೋಟೊ ತೆಗೆದಳು. ಮೂರರಲ್ಲೂ ಬಲಗಡೆ ಮೇಲೆ, ಅದೇ ಜಾಗದಲ್ಲಿ, ಒಂದು ಬಿಳಿ ಚುಕ್ಕೆ! ಅಜ್ಜಿಯ ತಲೆಯ ಮೇಲೂ ನಕ್ಷತ್ರ, ಬೆಕ್ಕಿನ ತಲೆಯ ಮೇಲೂ ನಕ್ಷತ್ರ.

"ಇದು ಕೆಟ್ಟುಹೋಗಿದೆ ತಾತ, ಬಿಸಾಕು" ಅಂದಳು.

"ಯಾಕೆ ಬಿಸಾಕಬೇಕು? ಮಿಕ್ಕ ಎಲ್ಲ ಚುಕ್ಕೆಗಳೂ ಸರಿಯಾಗಿವೆಯಲ್ಲ" ಅಂದೆ.

ಕ್ಯಾಮೆರಾದೊಳಗೆ ಬೆಳಕನ್ನು ಹಿಡಿಯುವುದು ಸಿಲಿಕಾನಿನ ಒಂದು ಚಿಕ್ಕ ಬಿಲ್ಲೆ. ಅದರ ಮೇಲೆ ಲಕ್ಷಗಟ್ಟಲೆ ಪುಟ್ಟ ಪುಟ್ಟ ಮನೆಗಳಿರುತ್ತವೆ. ಅವಕ್ಕೆ ಪಿಕ್ಸೆಲ್ ಎನ್ನುತ್ತಾರೆ. ನಮ್ಮ ಕ್ಯಾಮೆರಾದಲ್ಲಿ ಅಂಥ ಒಂದು ಮನೆ ಕೆಟ್ಟಿದೆ, ಅಷ್ಟೆ. ಅವಳಿಗೆ ಇದನ್ನು ಹೇಳುವಾಗ ನನಗೆ ಇನ್ನೊಂದು ಜಾಗ ನೆನಪಾಯಿತು. ಅಲ್ಲಿಯೂ ಸಿಲಿಕಾನ್ ಬಿಲ್ಲೆಗಳಿವೆ. ಅವುಗಳ ಮೇಲೆ ಹಗಲು ರಾತ್ರಿ ಏಟು ಬೀಳುತ್ತಲೇ ಇರುತ್ತದೆ. ಕೆಟ್ಟಿತು ಎಂದು ಕೂಡಲೇ ಹೋಗಿ ಬದಲಾಯಿಸುವ ಹಾಗೂ ಇಲ್ಲ. ಆದರೂ ಅವು ವರ್ಷಗಟ್ಟಲೆ ಕೆಲಸ ಮಾಡುತ್ತವೆ. ಹೇಗೆ? ಇವತ್ತಿನ ಅಂಕಣ ಅದರ ಬಗ್ಗೆ. ನಾನು ಓದಿದ್ದು ಬಿ.ಕಾಂ. ಆದ್ದರಿಂದ ಬ್ಯಾಂಕು, ಅಡುಗೆಮನೆ, ಮದುವೆ ಊಟ ಇವುಗಳ ಮೂಲಕವೇ ನನಗೆ ಅರ್ಥವಾಗುವುದು. ನಿಮಗೂ ಹಾಗೆಯೇ ಹೇಳುತ್ತೇನೆ.

ಯುರೋಪಿನಲ್ಲಿ ಸ್ವಿಟ್ಜರ್ಲೆಂಡ್ ಮತ್ತು ಫ್ರಾನ್ಸ್ ದೇಶಗಳ ಗಡಿಯಲ್ಲಿ, ಜಿನೀವಾ ಊರಿನ ಹತ್ತಿರ, ಸರ್ನ್ ಎಂಬ ಸಂಶೋಧನಾ ಸಂಸ್ಥೆ ಇದೆ. ಅಲ್ಲಿ ನೆಲದಡಿ ಸುಮಾರು 100 ಮೀಟರ್ ಆಳದಲ್ಲಿ 27 ಕಿಲೋಮೀಟರ್ ಸುತ್ತಳತೆಯ ಬಳೆಯಾಕಾರದ ಸುರಂಗ. ಅದರೊಳಗಿನ ಯಂತ್ರಕ್ಕೆ ಲಾರ್ಜ್ ಹೇಡ್ರಾನ್ ಕೊಲೈಡರ್, ಚಿಕ್ಕದಾಗಿ ಎಲ್‌ಎಚ್‌ಸಿ ಎಂದು ಹೆಸರು. ಪ್ರೋಟಾನ್ ಎಂಬ ಅತಿ ಸಣ್ಣ ಕಣಗಳ ಗುಂಪುಗಳನ್ನು ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಎದುರುಬದುರು ಓಡಿಸಿ ಡಿಕ್ಕಿ ಹೊಡೆಸುತ್ತಾರೆ. ಒಂದು ಸೆಕೆಂಡಿಗೆ ನಾಲ್ಕು ಕೋಟಿ ಸಲ ಆ ಗುಂಪುಗಳು ಎದುರಾಗುತ್ತವೆ. ಡಿಕ್ಕಿಯಾದಾಗ ಹೊಸ ಕಣಗಳು ಹುಟ್ಟಿ ಪಟಾಕಿಯ ಕಿಡಿಗಳಂತೆ ಸುತ್ತಲೂ ಚಿಮ್ಮುತ್ತವೆ. ಹಿಗ್ಸ್ ಬೋಸಾನ್ ಎಂಬ ಕಣ ಸಿಕ್ಕಿದೆ ಎಂದು 2012ರ ಜುಲೈ 4ರಂದು ಜಗತ್ತಿಗೆ ಹೇಳಿದ್ದು ಇಲ್ಲಿಂದಲೇ.

ಈ ಕಣಗಳು ಕಣ್ಣಿಗೆ ಕಾಣುವುದಿಲ್ಲ. ಹಾಗಾದರೆ ಯಾವುದು ಎಲ್ಲಿ ಹೋಯಿತು ಎಂದು ತಿಳಿಯುವುದು ಹೇಗೆ? ಆಗತಾನೆ ಸಾರಿಸಿದ ಅಂಗಳದಲ್ಲಿ ಬೆಕ್ಕು ನಡೆದುಹೋದರೆ, ಬೆಕ್ಕನ್ನು ನೋಡದಿದ್ದರೂ ಹೆಜ್ಜೆ ನೋಡಿ ದಾರಿ ಹೇಳಬಹುದಲ್ಲವೇ? ಡಿಕ್ಕಿಯಾಗುವ ಜಾಗದ ಸುತ್ತ ಸಿಲಿಕಾನ್ ಹಾಳೆಗಳನ್ನು ಪದರ ಪದರವಾಗಿ ಇಟ್ಟಿರುತ್ತಾರೆ. ಕಣ ಹಾದುಹೋದಲ್ಲೆಲ್ಲ ಹೆಜ್ಜೆ ಮೂಡುತ್ತದೆ. ಈ ಹಾಳೆಗಳೇ ಸಿಲಿಕಾನ್ ಸೆನ್ಸರ್‌ಗಳು. ಎಲ್‌ಎಚ್‌ಸಿಯ ದೊಡ್ಡ ಪ್ರಯೋಗಗಳಲ್ಲಿ ಒಂದಾದ ಸಿಎಂಎಸ್‌ನಲ್ಲಿ ಹೆಜ್ಜೆ ಗುರುತಿಸುವ ಈ ಹಾಳೆಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 200 ಚದರ ಮೀಟರ್ ಆಗುತ್ತದೆ. ಒಂದು ದೊಡ್ಡ ಮನೆಯ ನೆಲಕ್ಕೆ ಸಾಕು!

ಹೆಜ್ಜೆ ಮೂಡುವುದು ಹೀಗೆ. ಹಾಳೆಯ ದಪ್ಪ ಸುಮಾರು 0.3 ಮಿಲಿಮೀಟರ್. ವೇಗದ ಕಣವೊಂದು ಅದನ್ನು ಸೀಳಿಕೊಂಡು ಹೋದಾಗ ದಾರಿಯುದ್ದಕ್ಕೂ ಇಪ್ಪತ್ತು ಸಾವಿರಕ್ಕೂ ಹೆಚ್ಚು ಎಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ. ಹಾಳೆಗೆ ವಿದ್ಯುತ್ ಒತ್ತಡ, ಅಂದರೆ ವೋಲ್ಟೇಜ್, ಕೊಟ್ಟಿರುತ್ತಾರೆ. ಅದರ ಸೆಳೆತಕ್ಕೆ ಎಲೆಕ್ಟ್ರಾನುಗಳು ಒಂದು ಬದಿಗೆ ಓಡಿ ಬರುತ್ತವೆ. ಯಾವ ಪಿಕ್ಸೆಲ್ ಮನೆಗೆ ಬಂದವು ಎಂದು ನೋಡಿದರೆ ಕಣ ಹೋದ ಜಾಗ ಗೊತ್ತಾಯಿತು. ಬ್ಯಾಂಕಿನ ಕೌಂಟರಿನಲ್ಲಿ ನಾನು ಹಣ ಎಣಿಸಿಕೊಂಡ ಹಾಗೆ ಅಲ್ಲಿ ಎಲೆಕ್ಟ್ರಾನುಗಳ ಲೆಕ್ಕ. ಆದರೆ ಅವಸರ ಜಾಸ್ತಿ. ಮುಂದಿನ ಗುಂಪು ಬರುವುದು ಒಂದು ಸೆಕೆಂಡಿನ ನಾಲ್ಕು ಕೋಟಿಯಲ್ಲಿ ಒಂದು ಭಾಗದಷ್ಟು ಹೊತ್ತಿನಲ್ಲಿ. ಅಷ್ಟರೊಳಗೆ ಬಂದ ಎಲೆಕ್ಟ್ರಾನು ಲೆಕ್ಕಕ್ಕೆ ಸೇರಿತು. ತಡವಾಗಿ ಬಂದದ್ದು, ಬ್ಯಾಂಕಿನ ಬಾಗಿಲು ಹಾಕಿದ ಮೇಲೆ ಬಂದ ಗಿರಾಕಿಯಂತೆ, ಲೆಕ್ಕಕ್ಕಿಲ್ಲ.

ಇನ್ನು ಏಟಿನ ವಿಷಯ. ಮದುವೆ ಮನೆಯ ಪಂಕ್ತಿಯನ್ನು ನೆನೆಸಿಕೊಳ್ಳಿ. ಸಾಲಾಗಿ ಎಲೆ ಹಾಕಿದೆ, ಪ್ರತಿ ಎಲೆಯ ಮುಂದೆ ಒಬ್ಬರು ಕುಳಿತಿದ್ದಾರೆ. ಸಾಲುಗಳ ನಡುವೆ ಬಡಿಸುವವರು ಸರಸರ ಓಡಾಡುತ್ತಿದ್ದಾರೆ. ಸಿಲಿಕಾನಿನ ಹರಳಿನಲ್ಲಿ ಪರಮಾಣುಗಳು ಹೀಗೆಯೇ ಅಚ್ಚುಕಟ್ಟಾಗಿ ಕುಳಿತಿರುತ್ತವೆ. ಬಡಿಸುವವರೇ ಎಲೆಕ್ಟ್ರಾನುಗಳು. ಈಗ ಎಲ್ಲಿಂದಲೋ ಒಂದು ಹೋರಿ ನುಗ್ಗಿತು ಎನ್ನಿ. ಕುಳಿತಿದ್ದ ಒಬ್ಬರು ಗಾಬರಿಯಿಂದ ಎದ್ದು ಸಾಲುಗಳ ನಡುವೆ ನಿಂತುಬಿಟ್ಟರು. ಅವರ ಎಲೆ ಖಾಲಿ ಉಳಿಯಿತು. ವೇಗದ ಕಣ ಸಿಲಿಕಾನ್ ಪರಮಾಣುವಿಗೆ ನೇರವಾಗಿ ಗುದ್ದಿದಾಗ ಆಗುವುದೂ ಇದೇ. ಒಂದು ಜಾಗ ಖಾಲಿ, ಒಂದು ಪರಮಾಣು ನಡುದಾರಿಯಲ್ಲಿ. ಇದಕ್ಕೆ ವಿಕಿರಣದ ಹಾನಿ ಎನ್ನುತ್ತಾರೆ.

ಒಂದೆರಡು ಎಲೆ ಖಾಲಿಯಾದರೆ ಊಟ ನಿಲ್ಲುವುದಿಲ್ಲ. ಸಾವಿರಾರು ಹೋರಿ ನುಗ್ಗಿದರೆ ಮೂರು ತೊಂದರೆ ಶುರುವಾಗುತ್ತವೆ. ಮೊದಲನೆಯದು ಸೋರಿಕೆ. ಯಾವ ಕಣವೂ ಬರದಿದ್ದಾಗಲೂ ಹಾಳೆಯಲ್ಲಿ ಸುಮ್ಮಸುಮ್ಮನೆ ವಿದ್ಯುತ್ ಹರಿಯುತ್ತದೆ. ಮನೆಯ ದೀಪವೆಲ್ಲ ಆರಿಸಿದ ಮೇಲೂ ಮೀಟರ್ ತಿರುಗಿದ ಹಾಗೆ. ಎರಡನೆಯದು ಸೆಳೆತ ಕುಗ್ಗುವುದು. ಮೊದಲು ಸಾಕಾಗುತ್ತಿದ್ದ ವೋಲ್ಟೇಜ್ ಆಮೇಲೆ ಸಾಲದು, ಏರಿಸುತ್ತಲೇ ಹೋಗಬೇಕು. ಮೂರನೆಯದೇ ಎಲ್ಲಕ್ಕಿಂತ ಕಷ್ಟದ್ದು. ಬಡಿಸುವವರನ್ನು ನಡುದಾರಿಯಲ್ಲಿ ನಿಂತವರು ತಡೆದು ಮಾತಿಗೆಳೆದ ಹಾಗೆ, ಓಡಿ ಬರುವ ಎಲೆಕ್ಟ್ರಾನುಗಳು ಕೆಟ್ಟ ಜಾಗಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಬಾಗಿಲು ಹಾಕುವ ಹೊತ್ತಿಗೆ ಬರುವುದೇ ಇಲ್ಲ. ಇಪ್ಪತ್ತು ಸಾವಿರ ಹೊರಟರೆ ಕೆಲವೇ ಸಾವಿರ ತಲುಪುತ್ತವೆ. ಹೆಜ್ಜೆ ಮಸುಕಾಗುತ್ತದೆ.

ಏಟು ಎಷ್ಟು ಬೀಳುತ್ತದೆ ಅಂತೀರಿ? ಎಲ್‌ಎಚ್‌ಸಿಯನ್ನು ಈಗ ಇನ್ನಷ್ಟು ಬಲಪಡಿಸುತ್ತಿದ್ದಾರೆ. 2030ರ ಸುಮಾರಿಗೆ ಅದು ಹೊಸ ರೂಪದಲ್ಲಿ ಕೆಲಸ ಶುರುಮಾಡಬೇಕು ಎಂಬುದು ಯೋಜನೆ. ಆಗ ಡಿಕ್ಕಿಗೆ ತೀರಾ ಹತ್ತಿರ, ಕೆಲವೇ ಸೆಂಟಿಮೀಟರ್ ದೂರದಲ್ಲಿರುವ ಸೆನ್ಸರ್‌ಗಳ ಒಂದೊಂದು ಚದರ ಸೆಂಟಿಮೀಟರ್ ಜಾಗ, ಅಂದರೆ ನಿಮ್ಮ ಹೆಬ್ಬೆರಳ ಉಗುರಿನಷ್ಟು ಜಾಗ, ತಾಳಬೇಕಾದ ಏಟುಗಳು 2ರ ಮುಂದೆ 16 ಸೊನ್ನೆ. ನಮ್ಮ ಲೆಕ್ಕದಲ್ಲಿ 200 ಕೋಟಿ ಕೋಟಿ! ಮೂವತ್ತೈದು ವರ್ಷ ಲೆಡ್ಜರ್ ಬರೆದ ನನಗೂ ಈ ಮೊತ್ತ ನೋಡಿ ಕನ್ನಡಕ ಒರೆಸಿಕೊಳ್ಳಬೇಕಾಯಿತು. ಯಂತ್ರ ನಡೆಯುವಾಗ ಅಲ್ಲಿಗೆ ಯಾರೂ ಹೋಗುವ ಹಾಗಿಲ್ಲ. ಬಿಚ್ಚಬೇಕಾದರೆ ದೊಡ್ಡ ವಿರಾಮಕ್ಕೆ ವರ್ಷಗಟ್ಟಲೆ ಕಾಯಬೇಕು.

ಏಟು ಬೀಳದ ಹಾಗೆ ಮರೆ ಕಟ್ಟಬಹುದಲ್ಲ ಎಂದು ನನ್ನ ಮೊಮ್ಮಗಳು ಕೇಳಿದಳು. ಒಳ್ಳೆಯ ಪ್ರಶ್ನೆ. ಆದರೆ ಮರೆ ಕಟ್ಟಿದರೆ ಕಣವೂ ಬರುವುದಿಲ್ಲ, ಹೆಜ್ಜೆಯೂ ಮೂಡುವುದಿಲ್ಲ. ಯಾವುದನ್ನು ನೋಡಬೇಕೋ ಅದೇ ಹೊಡೆಯುತ್ತದೆ. ಆದ್ದರಿಂದ ವಿಜ್ಞಾನಿಗಳು ಕೇಳಿಕೊಂಡ ಪ್ರಶ್ನೆ ಬೇರೆ. ಪೆಟ್ಟು ತಿಂದ ಮೇಲೂ ಕೆಲಸ ಮಾಡುವ ಹಾಗೆ ಸೆನ್ಸರ್ ಮಾಡುವುದು ಹೇಗೆ? ಈ ಒಂದೇ ಪ್ರಶ್ನೆಯ ಹಿಂದೆ ಹಲವು ದೇಶಗಳ ನೂರಾರು ಜನ ಬಿದ್ದರು. 1990ರ ದಶಕದಲ್ಲಿ ಸರ್ನ್‌ನಲ್ಲಿ ಆರ್‌ಡಿ48 ಎಂಬ ತಂಡ, ಅದಾದ ಮೇಲೆ 2002ರಿಂದ 2023ರವರೆಗೆ ಆರ್‌ಡಿ50 ಎಂಬ ತಂಡ. ಅವರು ಕಂಡುಕೊಂಡ ನಾಲ್ಕು ಉಪಾಯ ಹೇಳುತ್ತೇನೆ.

ಮೊದಲನೆಯದು ನನಗೆ ತುಂಬಾ ಇಷ್ಟವಾದದ್ದು. ಬ್ಯಾಂಕಿನಲ್ಲಿ ಒಡವೆ ಸಾಲದ ವಿಭಾಗದಲ್ಲಿ ನಾನು ಕೆಲವು ವರ್ಷ ಇದ್ದೆ. ಅಲ್ಲಿಗೆ ಬರುತ್ತಿದ್ದ ಅಕ್ಕಸಾಲಿಗರು ಒರೆಗಲ್ಲಿಗೆ ಬಳೆ ತಿಕ್ಕುತ್ತಾ ಹೇಳುತ್ತಿದ್ದರು, "ಅಪ್ಪಟ ಚಿನ್ನದಲ್ಲಿ ಒಡವೆ ಮಾಡಿದರೆ ಬಾಗುತ್ತೆ ಸಾರ್, ಒಂಚೂರು ತಾಮ್ರ ಸೇರಿದರೇನೇ ಗಟ್ಟಿ." ಸೆನ್ಸರ್‌ಗೆ ಬೇಕಾದ ಸಿಲಿಕಾನನ್ನೂ ಆದಷ್ಟು ಶುದ್ಧವಾಗಿ ಮಾಡುತ್ತಿದ್ದರು. ಆರ್‌ಡಿ48 ತಂಡದವರು ಬೇಕೆಂದೇ ಅದಕ್ಕೆ ಸ್ವಲ್ಪ ಆಮ್ಲಜನಕ ಸೇರಿಸಿ ನೋಡಿದರು. ಪ್ರೋಟಾನಿನಂಥ ವಿದ್ಯುದಂಶವಿರುವ ಕಣಗಳ ಏಟಿಗೆ ಆ ಸಿಲಿಕಾನ್ ಹೆಚ್ಚು ಚೆನ್ನಾಗಿ ತಡೆಯಿತು. ಖಾಲಿ ಬಿದ್ದ ಜಾಗಗಳು ಹರಳಿನೊಳಗೆ ಅಲೆದಾಡಿ, ಒಂದಕ್ಕೊಂದು ಸೇರಿ ದೊಡ್ಡ ತೊಂದರೆಯಾಗುವ ಮೊದಲೇ ಆಮ್ಲಜನಕ ಅವನ್ನು ಹಿಡಿದು ಕೂರಿಸುತ್ತದೆ. ವಿದ್ಯುದಂಶವಿಲ್ಲದ ನ್ಯೂಟ್ರಾನಿನ ಏಟಿಗೆ ಮಾತ್ರ ಈ ಮದ್ದು ಅಷ್ಟಾಗಿ ನಾಟಲಿಲ್ಲ. ಆದರೂ ಎಲ್‌ಎಚ್‌ಸಿಯ ಪಿಕ್ಸೆಲ್ ಸೆನ್ಸರ್‌ಗಳಿಗೆ ಆಮ್ಲಜನಕ ಸೇರಿಸಿದ ಸಿಲಿಕಾನನ್ನೇ ಬಳಸಿದರು.

ಎರಡನೆಯದು ತಣ್ಣಗಿಡುವುದು. ಇದು ಅಜ್ಜಿಯರಿಗೆ ಬೇಗ ಅರ್ಥವಾಗುತ್ತದೆ. ಹಾಲಿಗೆ ಹೆಪ್ಪು ಹಾಕಿ ಹೊರಗಿಟ್ಟರೆ ಕೆಲವು ಗಂಟೆಯಲ್ಲಿ ಒಳ್ಳೆಯ ಮೊಸರು. ಅಲ್ಲಿಯೇ ಮರೆತರೆ ಹುಳಿ. ಹದ ಬಂದ ಕೂಡಲೇ ಫ್ರಿಜ್ಜಿಗೆ ಸೇರಿಸಬೇಕು. ಏಟು ತಿಂದ ಸಿಲಿಕಾನೂ ಹಾಗೆಯೇ. ಸ್ವಲ್ಪ ಹೊತ್ತು ಬೆಚ್ಚಗಿದ್ದರೆ ಕೆಲವು ಗಾಯಗಳು ತಾವಾಗಿಯೇ ಮಾಯುತ್ತವೆ. ಪ್ರಯೋಗಾಲಯದಲ್ಲಿ 60 ಡಿಗ್ರಿಯಲ್ಲಿ 80 ನಿಮಿಷ ಇಟ್ಟು ಈ ಹದ ನೋಡುತ್ತಾರೆ. ಅದಕ್ಕಿಂತ ಹೆಚ್ಚು ಹೊತ್ತು ಬೆಚ್ಚಗಿದ್ದರೆ ಹಾನಿ ಮತ್ತೆ ಬೆಳೆಯತೊಡಗುತ್ತದೆ, ಮೊಸರು ಹುಳಿಯಾದಂತೆ. ಅದಕ್ಕೇ ಸೆನ್ಸರ್‌ಗಳನ್ನು ಸೊನ್ನೆ ಡಿಗ್ರಿಗಿಂತಲೂ ಕೆಳಗೆ ತಣ್ಣಗಿಡುತ್ತಾರೆ. ಇನ್ನೊಂದು ಲಾಭವೂ ಇದೆ. ಸುಮಾರು 7 ಡಿಗ್ರಿ ತಣ್ಣಗಾದರೆ ಸೋರಿಕೆ ಅರ್ಧಕ್ಕೆ ಇಳಿಯುತ್ತದೆ. ತಣ್ಣಗಿಡದಿದ್ದರೆ ಸೋರಿಕೆಯಿಂದ ಬಿಸಿ, ಬಿಸಿಯಿಂದ ಮತ್ತಷ್ಟು ಸೋರಿಕೆ. ಚಕ್ರಬಡ್ಡಿಯ ಸಾಲದ ಹಾಗೆ ಬೆಳೆದು ಮುಳುಗಿಸುತ್ತದೆ.

ಮೂರನೆಯ ಉಪಾಯ ಸ್ವಲ್ಪ ಸೂಕ್ಷ್ಮ. ಸಿಲಿಕಾನಿನಲ್ಲಿ ಎನ್ ಜಾತಿ, ಪಿ ಜಾತಿ ಎಂದು ಎರಡು ಬಗೆ. ಮೊದಲಿನ ಸೆನ್ಸರ್‌ಗಳನ್ನು ಹೆಚ್ಚಾಗಿ ಎನ್ ಜಾತಿಯ ಹಾಳೆಯಿಂದ ಮಾಡುತ್ತಿದ್ದರು. ಏಟು ಬಿದ್ದು ಬಿದ್ದು ಅದು ಕ್ರಮೇಣ ಪಿ ಜಾತಿಯ ಹಾಗೆ ವರ್ತಿಸತೊಡಗುತ್ತಿತ್ತು. ಕೊನೆಗೆ ಆಗುವುದು ಅದೇ ಆದರೆ ಮೊದಲೇ ಪಿ ಜಾತಿಯ ಹಾಳೆಯಿಂದಲೇ ಯಾಕೆ ಶುರುಮಾಡಬಾರದು ಎಂದು ಯೋಚಿಸಿದರು. ಎಲೆಕ್ಟ್ರಾನು ಬಿಟ್ಟುಬಂದ ಖಾಲಿ ಜಾಗವೂ ಹಾಳೆಯಲ್ಲಿ ಎದುರು ದಿಕ್ಕಿಗೆ ಸಾಗುತ್ತದೆ. ಆದರೆ ಎಲೆಕ್ಟ್ರಾನಿನ ವೇಗ ಅದರ ಸುಮಾರು ಮೂರರಷ್ಟು. ಪಿ ಹಾಳೆಯ ಮೇಲೆ ಎನ್ ಮನೆಗಳನ್ನು ಕಟ್ಟಿದರೆ ಬೇಗ ಓಡುವ ಎಲೆಕ್ಟ್ರಾನುಗಳನ್ನೇ ಎಣಿಸಿಕೊಳ್ಳಬಹುದು. ಬೇಗ ಓಡುವವರು ದಾರಿಯಲ್ಲಿ ಸಿಕ್ಕಿಬೀಳುವುದು ಕಡಿಮೆ. ಹೊಸ ಸೆನ್ಸರ್‌ಗಳಲ್ಲಿ ಹೆಚ್ಚಿನವು ಈಗ ಈ ಬಗೆಯವು.

ನಾಲ್ಕನೆಯದೇ ಇವತ್ತಿನ ತಲೆಬರಹದ ಉಪಾಯ. ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ತಳ ತೂತಾದ ಒಂದು ಬಿಂದಿಗೆ ಇತ್ತು. ದೂರದ ಬಾವಿಯಿಂದ ಅದರಲ್ಲಿ ನೀರು ತಂದರೆ ಮನೆ ಮುಟ್ಟುವ ಹೊತ್ತಿಗೆ ಅರ್ಧ ಬಿಂದಿಗೆ. ನಮ್ಮಮ್ಮ ಅದನ್ನು ಬಿಸಾಕಲಿಲ್ಲ. ಹಿತ್ತಲ ತೊಟ್ಟಿಯಿಂದ ಬಚ್ಚಲಿಗೆ ನೀರು ತರಲು ಇಟ್ಟುಕೊಂಡರು. ತೂತು ಅದೇ, ಬಿಂದಿಗೆ ಅದೇ. ದಾರಿ ಗಿಡ್ಡವಾಗಿದ್ದರಿಂದ ಹೆಚ್ಚು ಸೋರುತ್ತಿರಲಿಲ್ಲ.

ಅಮೆರಿಕದ ಹವಾಯಿ ವಿಶ್ವವಿದ್ಯಾಲಯದ ಶರ್ವುಡ್ ಪಾರ್ಕರ್ ಎಂಬ ಭೌತವಿಜ್ಞಾನಿ ಮತ್ತು ಅವರ ಜೊತೆಗಾರರು 1997ರಲ್ಲಿ ಇಂಥದ್ದೇ ಸಲಹೆ ಕೊಟ್ಟರು. ಅಲ್ಲಿಯವರೆಗೆ ಎಲೆಕ್ಟ್ರಾನು ಹಾಳೆಯ ಪೂರ್ತಿ ದಪ್ಪವನ್ನು ದಾಟಿ ಮೇಲಿನ ಪದರಕ್ಕೆ ಬರಬೇಕಿತ್ತು. ಇವರು ಹಾಳೆಯೊಳಗೇ ನೇರವಾಗಿ ಸಣ್ಣ ಸಣ್ಣ ರಂಧ್ರ ಕೊರೆದು ಕಂಬಗಳನ್ನು ನಿಲ್ಲಿಸೋಣ ಎಂದರು. ಚಪ್ಪರದ ಕಂಬಗಳ ಹಾಗೆ. ಆಗ ಎಲೆಕ್ಟ್ರಾನು ಮೇಲಕ್ಕೆ ಹೋಗಬೇಕಿಲ್ಲ, ಪಕ್ಕದ ಕಂಬಕ್ಕೆ ಹೋದರೆ ಸಾಕು. ಕಂಬದಿಂದ ಕಂಬಕ್ಕೆ ಇರುವ ದೂರ ಹೆಚ್ಚುಕಡಿಮೆ ಒಂದು ತಲೆಗೂದಲಿನ ದಪ್ಪದಷ್ಟು. ಸಿಲಿಕಾನು ಕೆಡುವುದನ್ನು ಅವರು ನಿಲ್ಲಿಸಲಿಲ್ಲ, ದಾರಿಯನ್ನು ಗಿಡ್ಡ ಮಾಡಿದರು. ಇದಕ್ಕೆ 3ಡಿ ಸೆನ್ಸರ್ ಎಂದು ಹೆಸರು. ಹೇಳಿದಷ್ಟು ಸುಲಭವಾಗಿ ಆಗಲಿಲ್ಲ. ಅಷ್ಟು ಸಣ್ಣ, ಅಷ್ಟು ಆಳದ ರಂಧ್ರ ಕೊರೆಯುವುದನ್ನು ಕಲಿಯಲು ಬಹಳ ಕಾಲ ಹಿಡಿಯಿತು. 2014ರಲ್ಲಿ ಎಲ್‌ಎಚ್‌ಸಿಯ ಅಟ್ಲಾಸ್ ಪ್ರಯೋಗದೊಳಗೆ, ಕಣಗಳು ಹರಿಯುವ ಜಾಗದಿಂದ 3.3 ಸೆಂಟಿಮೀಟರ್ ದೂರದಲ್ಲಿ ಹೊಸ ಪದರವೊಂದನ್ನು ಕೂರಿಸಿದಾಗ, ಅದರ ಒಂದು ಭಾಗದಲ್ಲಿ 3ಡಿ ಸೆನ್ಸರ್‌ಗಳು ಮೊದಲ ಸಲ ಜಾಗ ಪಡೆದವು. ಸಲಹೆಯಿಂದ ಕೆಲಸಕ್ಕೆ ಸೇರುವವರೆಗೆ 17 ವರ್ಷ!

ಇವನ್ನೆಲ್ಲ ಪರೀಕ್ಷಿಸುವುದು ಹೇಗೆ? ಹತ್ತು ವರ್ಷ ಕಾದು ನೋಡಲು ಆಗುವುದಿಲ್ಲ. ಹೊಸ ಸೆನ್ಸರನ್ನು ಬೇಕೆಂದೇ ಏಟಿಗೆ ಒಡ್ಡುತ್ತಾರೆ. ಸರ್ನ್‌ನಲ್ಲಿಯೇ ಪ್ರೋಟಾನುಗಳ ಧಾರೆಗೆ ಹಿಡಿಯುತ್ತಾರೆ. ಸ್ಲೊವೇನಿಯಾ ದೇಶದ ಲುಬ್ಲಿಯಾನಾದಲ್ಲಿ ಯೋಸೆಫ್ ಸ್ಟೆಫಾನ್ ಸಂಸ್ಥೆಯ ಒಂದು ಸಂಶೋಧನಾ ಪರಮಾಣು ಸ್ಥಾವರ ಇದೆ. ಅದರೊಳಗೆ ಸೆನ್ಸರನ್ನು ಇಳಿಸಿದರೆ ವರ್ಷಗಟ್ಟಲೆ ಬೀಳಬೇಕಾದ ನ್ಯೂಟ್ರಾನಿನ ಏಟು ಕೆಲವೇ ಗಂಟೆಗಳಲ್ಲಿ ಬೀಳುತ್ತದೆ. ಹೊರತೆಗೆದು, ತಣ್ಣಗಿಟ್ಟು, ಇನ್ನೂ ಎಷ್ಟು ಎಲೆಕ್ಟ್ರಾನು ಎಣಿಸಬಲ್ಲದು ಎಂದು ನೋಡುತ್ತಾರೆ.

ಇನ್ನು ನಮ್ಮ ಊರ ಕಡೆಯ ಸುದ್ದಿ. ನಾನು ಕೆಲಸ ಮಾಡಿದ ಶಾಖೆಗಳಲ್ಲಿ ಒಂದು ಬೆಂಗಳೂರಿನ ಜಾಲಹಳ್ಳಿಯ ಹತ್ತಿರ ಇತ್ತು. ಅಲ್ಲಿನ ಬಿಇಎಲ್, ಅಂದರೆ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ನೌಕರರು ಸಂಬಳದ ವಾರ ನಮ್ಮ ಕೌಂಟರಿನ ಮುಂದೆ ಸಾಲು ನಿಲ್ಲುತ್ತಿದ್ದರು. ರೇಡಿಯೋ, ರಾಡಾರ್ ಮಾಡುವ ಕಾರ್ಖಾನೆ ಎಂದಷ್ಟೇ ನನಗೆ ಗೊತ್ತಿದ್ದದ್ದು. ಬಹಳ ವರ್ಷಗಳ ಮೇಲೆ ಓದಿ ತಿಳಿದೆ. ಸಿಎಂಎಸ್ ಪ್ರಯೋಗದ ಪ್ರೀಶವರ್ ಎಂಬ ಭಾಗಕ್ಕೆ ಬೇಕಾದ ಸುಮಾರು 4,300 ಸಿಲಿಕಾನ್ ಸೆನ್ಸರ್‌ಗಳಲ್ಲಿ ಸುಮಾರು 1,000 ತಯಾರಾದದ್ದು ಬೆಂಗಳೂರಿನ ಬಿಇಎಲ್‌ನಲ್ಲಿ! ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರ ಮತ್ತು ದೆಹಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅದಕ್ಕೆ ಜೊತೆಯಾಗಿದ್ದರು. ಒಂದೊಂದು ಸೆನ್ಸರೂ 63 ಮಿಲಿಮೀಟರ್ ಉದ್ದ, ಅಷ್ಟೇ ಅಗಲ. ಅದರ ಮೇಲೆ 32 ಪಟ್ಟಿಗಳು.

ಪ್ರೀಶವರ್ ಮಾಡುವ ಕೆಲಸ ಕೇಳಿದರೆ ಕ್ಯಾಷಿಯರ್ ಆಗಿದ್ದವರೆಲ್ಲ ತಲೆದೂಗುತ್ತಾರೆ. ಹೊಸ ನೋಟಿನ ಕಟ್ಟಿನಲ್ಲಿ ಎರಡು ನೋಟು ಅಂಟಿಕೊಂಡು ಒಂದೇ ಎನಿಸಿಬಿಡುತ್ತದೆ. ಹಾಗೆ ಎಣಿಸಿ ನಾನೇ ಒಮ್ಮೆ ನೂರು ರೂಪಾಯಿ ಕೈಯಿಂದ ಕಟ್ಟಿದ್ದೇನೆ. ಹಿಗ್ಸ್ ಕಣ ಕೆಲವೊಮ್ಮೆ ಎರಡು ಬೆಳಕಿನ ಕಣಗಳಾಗಿ ಒಡೆಯುತ್ತದೆ. ಅವುಗಳಲ್ಲಿ ಒಂದೊಂದನ್ನೂ ಸರಿಯಾಗಿ ಗುರುತಿಸಬೇಕು. ಆದರೆ ಪಯಾನ್ ಎಂಬ ಬೇರೊಂದು ಕಣ ಒಡೆದಾಗ ಎರಡು ಬೆಳಕಿನ ಕಣಗಳು ಅಂಟಿಕೊಂಡ ನೋಟಿನಂತೆ ಒತ್ತೊತ್ತಾಗಿ ಬಂದು, ಒಂದೇ ಕಣ ಎನಿಸಿ ಮೋಸ ಮಾಡುತ್ತವೆ. ಒಂದೋ ಎರಡೋ ಎಂದು ಬಿಡಿಸಿ ನೋಡುವುದೇ ಪ್ರೀಶವರಿನ ಕೆಲಸ.

ಆ ಬೆಂಗಳೂರಿನ ಹಾಳೆಗಳೂ ವರ್ಷಗಟ್ಟಲೆ ಏಟು ತಿನ್ನುತ್ತಾ, ತಣ್ಣಗೆ ಕುಳಿತು, ಲೆಕ್ಕ ಬರೆದಿವೆ. ಬಲಪಡಿಸಿದ ಎಲ್‌ಎಚ್‌ಸಿಗೆ ಆ ಭಾಗವನ್ನೇ ತೆಗೆದು ಹೊಸ ಉಪಕರಣ ಕೂರಿಸುವ ಯೋಜನೆ ಇದೆ. ಅಂದರೆ ಅವಕ್ಕೆ ನಿವೃತ್ತಿ. ಇದೇನೂ ಸೋಲಲ್ಲ. ಯಾವ ಸೆನ್ಸರೂ ಚಿರಂಜೀವಿಯಲ್ಲ. ಹೊಸದರಲ್ಲಿಯೂ ತೀರಾ ಒಳಗಿನ ಪದರಗಳನ್ನು ನಡುವೆ ಒಮ್ಮೆ ಬದಲಾಯಿಸಬೇಕಾದೀತು ಎಂದು ಮೊದಲೇ ಲೆಕ್ಕ ಹಾಕಿದ್ದಾರೆ. ಕೊಟ್ಟ ಅವಧಿಯವರೆಗೆ, ಗಾಯದ ನಡುವೆಯೂ, ಸರಿಯಾದ ಲೆಕ್ಕ ಕೊಟ್ಟರೆ ಗೆದ್ದ ಹಾಗೆ.

ಈಗ ನನ್ನ ಕಿವಿಯ ಸಂಗತಿ. ಒಳಕಿವಿಯಲ್ಲಿ ಕೂದಲಿನಂಥ ಎಳೆಗಳಿರುವ ಸಣ್ಣ ಕೋಶಗಳಿವೆ, ಶಬ್ದವನ್ನು ಹಿಡಿಯುವುದು ಅವೇ, ಒಮ್ಮೆ ಹಾಳಾದರೆ ನಮ್ಮಲ್ಲಿ ಅವು ಮತ್ತೆ ಹುಟ್ಟುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅವತ್ತಿನಿಂದ ನನಗೆ ಬೇಸರ. ನಾಲ್ಕು ಜನ ಸೇರಿದಲ್ಲಿ ಸುಮ್ಮನೆ ಮೂಲೆಯಲ್ಲಿ ಕೂರುತ್ತಿದ್ದೆ. ಒಂದು ಮಾತಿಗೆ ಇನ್ನೊಂದು ಉತ್ತರ ಕೊಟ್ಟು ನಗೆಪಾಟಲಾಗುವುದು ಯಾಕೆ ಎಂದು. ಮನೆಯವರೂ ಮೊದಮೊದಲು ಜೋರಾಗಿ ಕೂಗುತ್ತಿದ್ದರು, ಆಮೇಲೆ ಹೇಳುವುದನ್ನೇ ಕಡಿಮೆ ಮಾಡಿದರು. ತಪ್ಪು ಅವರದಲ್ಲ, ದಾರಿ ಯಾರಿಗೂ ಹೊಳೆದಿರಲಿಲ್ಲ.

ಆ ಭಾನುವಾರ ಈ ಸೆನ್ಸರ್ ಕಥೆಯನ್ನೆಲ್ಲ ಕೇಳಿದ ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ತನ್ನ ಮಣೆ ಎಳೆದುಕೊಂಡು ಬಂದು ನನ್ನ ಬಲಗಡೆ, ಕಿವಿ ಚೆನ್ನಾಗಿರುವ ಕಡೆ, ಮೊಣಕಾಲಿಗೆ ತಾಗುವ ಹಾಗೆ ಕುಳಿತಳು. "ದಾರಿ ಗಿಡ್ಡ ಮಾಡಿದೆ ತಾತ" ಅಂದಳು. ಕೂಗಲಿಲ್ಲ. ಮೆಲ್ಲಗೆ ಹೇಳಿದ ಒಂದೊಂದು ಅಕ್ಷರವೂ ಕೇಳಿಸಿತು. ಈಗ ನಮ್ಮ ಮನೆಯಲ್ಲಿ ಅದೇ ನಿಯಮ. ತಾತನಿಗೆ ಏನಾದರೂ ಹೇಳಬೇಕಾದರೆ ಒಳಗಿನಿಂದ ಕೂಗುವ ಹಾಗಿಲ್ಲ, ಬಲಗಡೆ ಬಂದು ಕುಳಿತು ಹೇಳಬೇಕು. ನಾನೂ ಕೇಳಿಸದಿದ್ದರೆ ಕೇಳಿಸಿದವನಂತೆ ತಲೆಯಾಡಿಸುವುದನ್ನು ಬಿಟ್ಟು "ಇನ್ನೊಂದು ಸಲ ಹೇಳಮ್ಮ" ಎನ್ನುತ್ತೇನೆ. ನನ್ನ ಹಾಗೆ ಕಿವಿ ಮಂದವಾದ ಅಜ್ಜ ಅಜ್ಜಿಯರೇ, ನೀವೂ ಮೂಲೆ ಬಿಟ್ಟು ಈಚೆ ಬನ್ನಿ.

ಕ್ಯಾಮೆರಾ ಬೀರುವಿಗೆ ವಾಪಸ್ಸು ಹೋಗಲಿಲ್ಲ. ಬಿಳಿ ಚುಕ್ಕೆ ಬರುವ ಜಾಗದಲ್ಲಿ ಆಕಾಶವೋ ಗೋಡೆಯೋ ಬರುವ ಹಾಗೆ ನೋಡಿಕೊಂಡು ಮೊಮ್ಮಗಳು ಫೋಟೊ ತೆಗೆಯುತ್ತಿದ್ದಾಳೆ.

ಮಕ್ಕಳೇ, ನೀವು ಮನೆಯಲ್ಲಿ ಮಾಡಿ ನೋಡಲು ಒಂದು ಸಣ್ಣ ಕೆಲಸ. ಒಂದು ಕಾಗದದ ಲೋಟದ ತಳಕ್ಕೆ ಪಿನ್ನಿನಿಂದ ಮೂರು ತೂತು ಮಾಡಿ. ತುಂಬಾ ನೀರು ಹಾಕಿ ಅಂಗಳದಲ್ಲಿ ಇಪ್ಪತ್ತು ಹೆಜ್ಜೆ ನಡೆದು, ಉಳಿದ ನೀರನ್ನು ಅಳೆಯಿರಿ. ಮತ್ತೆ ತುಂಬಿ ಐದೇ ಹೆಜ್ಜೆ ನಡೆದು ಅಳೆಯಿರಿ. ಇನ್ನೊಂದು ಸಲ ಇಪ್ಪತ್ತು ಹೆಜ್ಜೆಯನ್ನೇ ಓಡಿ ನೋಡಿ. ಮೂರು ಅಳತೆಯನ್ನೂ ಬರೆದಿಟ್ಟುಕೊಳ್ಳಿ. ನಾಲ್ಕು ಉಪಾಯಗಳಲ್ಲಿ ಯಾವ ಎರಡನ್ನು ನೀವು ಈಗ ಮಾಡಿ ನೋಡಿದಿರಿ ಎಂದು ನಿಮ್ಮ ಅಜ್ಜ ಅಜ್ಜಿಗೆ ಹೇಳಿ. ಹತ್ತಿರ ಕುಳಿತು ಹೇಳಿ!